ಬಾತುಗಳ ಬಾಗಿಲು ಯಾರು ಮುಚ್ಚಬೇಕು?

(ಸಂಘದ ತಿಂಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಇದುವರೆಗೆ ವಚನ ಸಾಹಿತ್ಯ, ದಾಸರ ಪದಗಳು, ಆದಾಯ ತೆರಿಗೆ, ಸಕ್ಕರೆ ರೋಗ ಮುಂತಾದ ಘನವಾದ ವಿಷಯಗಳನ್ನು ಕುರಿತು ತಿಳಿದವರು ಮಾತನಾಡಿದ್ದಾರೆ. ಆ ಸಾಲಿನಲ್ಲಿ ಬಾತುಕೋಳಿಗಳು ಬಂದು ನಿಲ್ಲುವುದು ಶೋಭಿಸುವುದೇ ಎಂಬ ಸಂಕೋಚ ನಮಗೂ ಇತ್ತು. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ. “ಹೋದ ವರ್ಷ ನೀವು ಸಂಘದ ಕಡೆ ಏಕೆ ಬರಲಿಲ್ಲ, ಈ ವರ್ಷ ಹೇಗೆ ಬರುತ್ತಿದ್ದೀರಿ, ಅಷ್ಟನ್ನೇ ಹೇಳಿ” ಎಂದರು. ಅಷ್ಟನ್ನೇ ಹೇಳಬೇಕೆಂದರೂ ಬಾತುಗಳ ಕಥೆಯನ್ನೇ ಹೇಳಬೇಕಾಗುತ್ತದೆ. ಮೊಟ್ಟೆಯ ಹೆಸರೆತ್ತದ ಮನೆತನದವರು ಈ ಸಭೆಯಲ್ಲಿ ಅನೇಕರಿದ್ದಾರೆ. ಅವರು ಇದನ್ನು ಪ್ರಾಣಿದಯೆಯ ವಿಷಯವೆಂದು ತಿಳಿದು ಕೇಳಬೇಕಾಗಿ ವಿನಂತಿ.

ಪುಣೆಯ ಹೊರವಲಯದಲ್ಲಿ ನಮ್ಮದೊಂದು ಸಣ್ಣ ಮನೆ, ಹಿಂದೆ ಹಿತ್ತಲು. 2021ರ ಮಳೆಗಾಲದಲ್ಲಿ ಆ ಹಿತ್ತಲಲ್ಲಿ ಹಾಕಿದ ಹೀರೆ, ಬೆಂಡೆ, ಹರಿವೆಗಳನ್ನೆಲ್ಲ ಬಸವನಹುಳುಗಳು ರಾತ್ರೋರಾತ್ರಿ ಮುಗಿಸಿದವು. ಔಷಧಿ ಸುರಿಯುವ ಮನಸ್ಸಿರಲಿಲ್ಲ. ಆಗ ನಮ್ಮೊಡನಿದ್ದ ಅವ್ವ, “ಬಾತು ಸಾಕ್ರಿ, ಅವು ಆರಿಸಿ ತಿಂತಾವ” ಎಂದಳು. ಹಾವೇರಿಯ ಕಡೆಯ ಕೆರೆಯ ದಂಡೆಯ ಊರಿನವಳು. ಅವಳ ಮಾತು ಸುಳ್ಳಾಗಲಿಲ್ಲ. ಎಂಟು ಮರಿಗಳನ್ನು ತಂದೆವು. ಅವು ದೊಡ್ಡವಾದ ಮೇಲೆ ಹಿತ್ತಲಲ್ಲಿ ಬಸವನಹುಳು ಹುಡುಕಿದರೂ ಸಿಕ್ಕದಂತಾಯಿತು. ಎಳೆಯ ಸಸಿಗಳಿಗೆ ಮಾತ್ರ ಬೇಲಿ ಬೇಕಾಯಿತು. ಏಕೆಂದರೆ ಹುಳುವಿಗೂ ಹರಿವೆಗೂ ಬಾತು ಹೆಚ್ಚು ಭೇದ ಮಾಡುವುದಿಲ್ಲ.

ನಮ್ಮವು ಖಾಕಿ ಕ್ಯಾಂಪ್‌ಬೆಲ್ ಜಾತಿಯವು. 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್ ಪ್ರಾಂತದ ಕ್ಯಾಂಪ್‌ಬೆಲ್ ಎಂಬ ಮಹಿಳೆ ಬೆಳೆಸಿದ ತಳಿ ಇದು. ಇದರ ಪೂರ್ವಜರಲ್ಲಿ ಇಂಡಿಯನ್ ರನ್ನರ್ ಎಂಬ ಬಾತು ಒಂದು. ಹೆಸರಿನಲ್ಲಿ ಇಂಡಿಯನ್ ಎಂದಿದ್ದರೂ ಅದರ ಮೂಲ ಇಂಡೋನೇಷ್ಯದ ದ್ವೀಪಗಳು. ಹೀಗೆ ಊರೂರು ದಾಟಿ ಬಂದು ನೆಲೆಸಿದ ಜಾತಿಯಾದುದರಿಂದ ಪರಸ್ಥಳದಲ್ಲಿರುವ ನಮಗೆ ಅದು ಹೊಂದಿಕೊಂಡದ್ದು ಆಶ್ಚರ್ಯವಲ್ಲ. ಚೆನ್ನಾಗಿ ಸಾಕಿದರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡಬಲ್ಲದು. ನಮ್ಮ ನಾಡಿನಲ್ಲಿಯೂ ಬಾತುಗಳ ಕೆಲಸ ಹೊಸದೇನಲ್ಲ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಬಾತುಕೋಳಿ ತಳಿ ಕೇಂದ್ರವೇ ಇತ್ತು.

ಸಂಜೆ ಬಾತುಗಳನ್ನು ಗೂಡಿಗೆ ಸೇರಿಸುವುದು ಅವ್ವನ ಕೆಲಸ. ಸೆರಗು ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತು, “ಬರ್ರೆವ್ವಾ ಬರ್ರಿ, ಹೊತ್ತು ಮುಳುಗೇತಿ, ಒಳಗ ಬರ್ರಿ” ಎಂದು ಕೂಗಿದರೆ ಎಂಟೂ ಸಾಲಾಗಿ ಬರುತ್ತಿದ್ದವು. ನೆರೆಮನೆಯ ಮರಾಠಿ ಕಾಕೂ ಇದನ್ನು ಕಂಡು, “ನಿಮ್ಮ ಬದಕಗಳಿಗೆ ಕಾನಡಿ ತಿಳಿಯುತ್ತದೆ, ನಮಗೇ ತಿಳಿಯುವುದಿಲ್ಲ” ಎಂದು ನಗುತ್ತಿದ್ದರು.

2023ರ ಜೂನ್ ತಿಂಗಳಲ್ಲಿ ಅಪ್ಪನ ಆರೋಗ್ಯ ಕೆಟ್ಟು ಅವ್ವ ಊರಿಗೆ ಹೋಗಬೇಕಾಯಿತು. ಅಲ್ಲಿಂದ ಮುಂದೆ ಬಾಗಿಲು ಮುಚ್ಚುವ ಹೊಣೆ ನಮ್ಮದು. ಮನೆಯಲ್ಲಿ ಇಬ್ಬರೂ ನೌಕರಿಗೆ ಹೋಗುವವರು. ಬ್ಯಾಂಕಿನಲ್ಲಿ ಸಂಜೆಯ ಲೆಕ್ಕ ತಾಳೆಯಾಗದೆ ಯಾರೂ ಏಳುವಂತಿಲ್ಲ. ಆದರೂ ಹೇಗೋ ನಡೆಯುತ್ತಿತ್ತು. ಆ ವರ್ಷದ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವದ ದಿನ ನಮ್ಮ ಮಗಳಿಗೆ ಕಿತ್ತೂರು ಚೆನ್ನಮ್ಮನ ಪಾತ್ರ. ಮಧ್ಯಾಹ್ನವೇ ಹೊರಟೆವು. ಬಾತುಗಳು ಇನ್ನೂ ಮೇಯುತ್ತಿದ್ದವು. ಬಾಗಿಲು ತೆರೆದಿದೆ, ಕತ್ತಲಾದರೆ ಕೋಳಿಗಳಂತೆ ತಾವೇ ಒಳಗೆ ಹೋಗುತ್ತವೆ ಎಂದು ಭಾವಿಸಿದೆವು. ನಾಟಕ, ಹಾಡು, ವಂದನಾರ್ಪಣೆ, ಊಟ ಎಲ್ಲ ಮುಗಿದು ಮನೆ ಸೇರಿದಾಗ ರಾತ್ರಿ ಹನ್ನೊಂದೂವರೆ. ಹಿತ್ತಲ ತುಂಬ ಗರಿ. ಬೀದಿ ನಾಯಿಗಳು ಬೇಲಿಯ ಕೆಳಗೆ ಮಣ್ಣು ಕೆದರಿ ನುಗ್ಗಿದ್ದವು. ಐದು ಹೋಗಿದ್ದವು, ಮೂರು ನೀರಿನ ತೊಟ್ಟಿಯ ಹಿಂದೆ ಒಂದಕ್ಕೊಂದು ಅಂಟಿಕೊಂಡು ಕುಳಿತಿದ್ದವು. ಮಗಳು ಚೆನ್ನಮ್ಮನ ವೇಷವನ್ನು ಕಳಚಿರಲಿಲ್ಲ. ಕೈಯಲ್ಲಿ ರಟ್ಟಿನ ಕತ್ತಿ ಇನ್ನೂ ಇತ್ತು.

ಮರುದಿನ ಅವಳು ಅಳಲಿಲ್ಲ. “ಇನ್ನು ನಾನು ಸಂಘಕ್ಕೆ ಬರುವುದಿಲ್ಲ. ನಾವೆಲ್ಲ ಹೋದರೆ ಅವುಗಳ ಬಾಗಿಲು ಯಾರು ಮುಚ್ಚಬೇಕು?” ಎಂದು ಕೇಳಿದಳು. ಹತ್ತು ವರ್ಷದ ಹುಡುಗಿಯ ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಕನ್ನಡ ಆಡುತ್ತೇವಾದರೂ ಅವಳ ವಯಸ್ಸಿನ ನಾಲ್ಕು ಮಕ್ಕಳು ಕೂಡಿ ಕನ್ನಡ ಆಡುವ ಸ್ಥಳ ಈ ಊರಿನಲ್ಲಿ ಸಂಘವೊಂದೇ. ಬಾತು ಬಿಡಬೇಕೋ, ಸಂಘ ಬಿಡಬೇಕೋ ಎಂಬಂತಾಯಿತು. ಕೆಲ ತಿಂಗಳು ಸಂಘವನ್ನೇ ಬಿಟ್ಟೆವು. ಆಮೇಲೆ ಯಂತ್ರದ ಯೋಚನೆ ಬಂದಿತು.

ಯಂತ್ರವೆಂದ ಕೂಡಲೆ ಬಾಗಿಲಿಗೊಂದು ಮೋಟಾರು ಕಟ್ಟಿದರಾಯಿತೆಂದು ತಿಳಿದೆವು. ಅಲ್ಲಿಯೇ ಮೊದಲನೆಯ ತಪ್ಪು. ಕೋಳಿಗೂ ಬಾತಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕೋಳಿ ಕತ್ತಲಲ್ಲಿ ಕುರುಡಿನಂತಾಗುವುದರಿಂದ ಸಂಜೆಯಾದೊಡನೆ ತಾನೇ ಗೂಡು ಸೇರಿ ಎತ್ತರದಲ್ಲಿ ಕೂರುತ್ತದೆ. ಬಾತಿಗೆ ಆ ಅಭ್ಯಾಸವಿಲ್ಲ. ಅದು ನೆಲದ ಮೇಲೆ ಮಲಗುವ ಹಕ್ಕಿ. ರಾತ್ರಿಯಲ್ಲಿಯೂ ಎಚ್ಚರವಿದ್ದು ಮೇಯಬಲ್ಲದು. ನೀರಿನ ಪಕ್ಕದಲ್ಲಿರುವುದೇ ಅದಕ್ಕೆ ಕ್ಷೇಮವೆಂದು ತೋರುತ್ತದೆ. ಕೆರೆಯ ನಡುವೆ ಅದು ನಿಜವೂ ಹೌದು. ನಮ್ಮ ಹಿತ್ತಲ ಮೂರಡಿ ತೊಟ್ಟಿಯಲ್ಲಿ ನಿಜವಲ್ಲ. ಆದುದರಿಂದ ಬಾಗಿಲು ಸರಿಯಾದ ಹೊತ್ತಿಗೆ ಮುಚ್ಚಿದರೆ ಸಾಲದು. ಅದಕ್ಕೆ ಮೊದಲು ಬಾತುಗಳು ಒಳಗಿರಬೇಕು. ಹೊರಗೆ ಬಾತುಗಳನ್ನು ಬಿಟ್ಟು ಬಾಗಿಲು ಮುಚ್ಚಿಕೊಳ್ಳುವ ಯಂತ್ರ, ಯಂತ್ರವಿಲ್ಲದ್ದಕ್ಕಿಂತ ಕೆಟ್ಟದ್ದು.

ಅವ್ವ ಕರೆದರೆ ಅವೇಕೆ ಬರುತ್ತಿದ್ದವು ಎಂದು ಯೋಚಿಸಿದೆವು. ಪ್ರೀತಿಯಿಂದ ಎಂದು ನಾವು ಹೇಳಿಕೊಳ್ಳಬಹುದು. ಆದರೆ ಕರೆದ ಮೇಲೆ ಅವಳು ಗೂಡಿನೊಳಗೆ ಹಿಡಿ ಹಿಡಿಯಾಗಿ ಕಾಳು ಹಾಕುತ್ತಿದ್ದಳೆಂಬುದೂ ಅಷ್ಟೇ ನಿಜ. ಅಂದರೆ ಊಟವೂ ಬಾಗಿಲೂ ಎರಡು ಬೇರೆ ಕೆಲಸಗಳಲ್ಲ. ಸಂಜೆಯ ಊಟವೇ ಬಾತನ್ನು ಒಳಗೆ ತರುವ ಕೈ. ಬಾಗಿಲು ಆ ಕೈಯ ಹಿಂದೆ ಬರುವ ಅಗಳಿ. ಈ ಒಂದು ವಿಷಯ ತಿಳಿದ ಮೇಲೆ ಉಳಿದದ್ದೆಲ್ಲ ಕೈಕೆಲಸ.

ಮೊದಲು ಗೂಡು. ರಾತ್ರಿ ತಂಗಲು ಒಂದು ಬಾತಿಗೆ ಮೂರು ಚದರಡಿ ನೆಲ ಬೇಕು. ಉಳಿದ ಮೂರರ ಜೊತೆಗೆ ಇನ್ನು ಮೂರನ್ನು ತಂದಿದ್ದೆವು. ಆರಕ್ಕೆ ಹದಿನೆಂಟು ಚದರಡಿ. ನಾವು ಆರಡಿಗೆ ನಾಲ್ಕಡಿ ಕಟ್ಟಿದೆವು. ಮೊಟ್ಟೆಯಿಡಲು ಮೂರು ಬಾತಿಗೊಂದು ಪೆಟ್ಟಿಗೆಯಿದ್ದರೆ ಸಾಕು. ನೆಲಕ್ಕೆ ಭತ್ತದ ಹೊಟ್ಟು. ಕೋಳಿಗೆ ಕಟ್ಟುವ ಆರು ಮೂಲೆಯ ತೆಳು ಜಾಲರಿ ಕೋಳಿಯನ್ನು ಒಳಗಿಡಬಲ್ಲದೇ ಹೊರತು ನಾಯಿಯನ್ನು ಹೊರಗಿಡಲಾರದು. ಅರ್ಧ ಅಂಗುಲದ ಬೆಸುಗೆ ಜಾಲರಿಯನ್ನೇ ಹಾಕಬೇಕು. ಅದನ್ನು ನೆಲದೊಳಗೆ ಒಂದಡಿ ಇಳಿಸಿದೆವು. ಮಣ್ಣು ಕೆದರುವ ನಾಯಿಗೂ ಬಿಲ ತೋಡುವ ಹೆಗ್ಗಣಕ್ಕೂ ಅದೇ ಉತ್ತರ.

ಇನ್ನು ಊಟ. ಮೊಟ್ಟೆಯಿಡುವ ಬಾತಿಗೆ ದಿನಕ್ಕೆ ಸುಮಾರು 150 ಗ್ರಾಂ ಆಹಾರ. ಆರಕ್ಕೆ 900 ಗ್ರಾಂ; ಬೆಳಗ್ಗೆ 400, ಸಂಜೆ 500. ಒಣ ಹಿಟ್ಟನ್ನು ಬಾತು ನುಂಗಲಾರದು, ಕೊಕ್ಕಿಗೆ ಅಂಟುತ್ತದೆ. ಕಲಸಿ ಕೊಟ್ಟರೆ ತಿನ್ನುತ್ತದೆ, ಆದರೆ ಕಲಸುವ ಯಂತ್ರ ನಮ್ಮಿಂದಾಗದು. ಆದುದರಿಂದ ಗುಳಿಗೆಯ ರೂಪದ ಆಹಾರವನ್ನೇ ಆರಿಸಿಕೊಂಡೆವು. ಮುಚ್ಚಳವಿರುವ ಡಬ್ಬದ ಕೆಳಗೆ ಒಂದು ಪಿವಿಸಿ ಕೊಳವೆ. ಅದರೊಳಗೆ ಆರ್ಕಿಮಿಡೀಸನ ಹೆಸರಿನಿಂದ ಪ್ರಸಿದ್ಧವಾದಂಥ ತಿರುಪು. ನಿಧಾನವಾಗಿ ತಿರುಗುವ ಮೋಟಾರು ಅದನ್ನು ತಿರುಗಿಸಿದಷ್ಟೂ ಗುಳಿಗೆಗಳು ಮುಂದೆ ಸರಿದು ಉಕ್ಕಿನ ತಟ್ಟೆಗೆ ಬೀಳುತ್ತವೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆವು: ಒಂದು ಸುತ್ತಿಗೆ 25 ಗ್ರಾಂ. ಬೆಳಗ್ಗೆ 16 ಸುತ್ತು, ಸಂಜೆ 20 ಸುತ್ತು, ಲೆಕ್ಕ ಸರಿ.

ಡಬ್ಬ ದೊಡ್ಡದಿದ್ದರೆ ತಿಂಗಳ ಆಹಾರವನ್ನೇ ತುಂಬಿಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ದಯವಿಟ್ಟು ಹಾಗೆ ಮಾಡಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಅದರ ಕಾರಣವನ್ನು ಶೋಧಿಸುವಾಗ ಪತ್ತೆಯಾದ ವಿಷವೇ ಅಫ್ಲಟಾಕ್ಸಿನ್. ಅದನ್ನು ತಡೆದುಕೊಳ್ಳುವ ಶಕ್ತಿ ಬಾತುಗಳಿಗೆ, ಅದರಲ್ಲೂ ಮರಿಗಳಿಗೆ, ಬಹಳ ಕಡಿಮೆ. ಮಳೆಗಾಲದ ತೇವದಲ್ಲಿ ಮುಚ್ಚಿಟ್ಟ ಆಹಾರ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ನಾವು ಒಂದು ವಾರದ್ದು, ಎಂದರೆ ಆರೂವರೆ ಕಿಲೋ ಒಳಗೆ ಮಾತ್ರ ತುಂಬುತ್ತೇವೆ. ಪ್ರತಿ ಭಾನುವಾರ ಡಬ್ಬವನ್ನು ಬರಿದು ಮಾಡಿ ಒರೆಸುತ್ತೇವೆ. ಯಂತ್ರ ಬಂದುದರಿಂದ ಕೆಲಸ ತಪ್ಪಲಿಲ್ಲ. ದಿನದ ಕೆಲಸ ವಾರದ ಕೆಲಸವಾಯಿತು.

ಊಟವಿದ್ದಲ್ಲಿ ನೀರಿರಲೇಬೇಕು. ಬಾತು ಒಂದು ತುತ್ತು ತಿಂದು ಒಂದು ಗುಟುಕು ಕುಡಿಯುವ ಪ್ರಾಣಿ. ನೀರಿಲ್ಲದಿದ್ದರೆ ಗಂಟಲು ಕಟ್ಟುತ್ತದೆ. ಕೊಕ್ಕು ಪೂರ್ತಿ ಮುಳುಗಿ ಮೂಗು ಕಣ್ಣು ತೊಳೆದುಕೊಳ್ಳುವಷ್ಟು, ಐದಾರು ಅಂಗುಲ ಆಳವಿರಬೇಕು. ಆದರೆ ಅದು ಚೆಲ್ಲುವ ನೀರಿಗೆ ಹೊಟ್ಟು ಒಂದೇ ದಿನದಲ್ಲಿ ಕೆಸರಾಗುತ್ತದೆ. ನೀರಿನ ಪಾತ್ರೆಯನ್ನು ಜಾಲರಿಯ ಮೇಲಿಟ್ಟು, ಕೆಳಗೆ ಕಾಲುವೆ ಮಾಡಿ ಬಾಳೆಗಿಡದ ಬುಡಕ್ಕೆ ಬಿಟ್ಟೆವು.

ಬಾಗಿಲು ಹಗುರವಾದ ಅಲ್ಯೂಮಿನಿಯಂ ತಗಡು. ಎರಡು ಬದಿಯ ಗಾಡಿಗಳಲ್ಲಿ ಮೇಲೆ ಕೆಳಗೆ ಸರಿಯುತ್ತದೆ. ಮೋಟಾರು ದಾರವನ್ನು ಸುತ್ತಿ ಮೇಲೆತ್ತುತ್ತದೆ. ಇಳಿಯುವಾಗ ದಾರ ಸಡಿಲಾಗುತ್ತದೆ, ಬಾಗಿಲು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ನಡುವೆ ಬಾತಿನ ಕುತ್ತಿಗೆ ಸಿಕ್ಕಿದರೂ ತಗಡಿನ ಭಾರವಲ್ಲದೆ ಮೋಟಾರಿನ ಬಲ ಅದರ ಮೇಲೆ ಬೀಳಬಾರದು ಎಂಬುದೇ ಉದ್ದೇಶ. ಕೆಳಗೆ ಬಂದ ಮೇಲೆ ಅಂಚು ಚೌಕಟ್ಟಿನ ಸಂದಿಯಲ್ಲಿ ಎರಡಂಗುಲ ಇಳಿದು ಕೂರುತ್ತದೆ. ಹೊರಗಿನಿಂದ ಉಗುರು ತೂರಿಸಿ ಎತ್ತಲು ಎಡೆಯಿಲ್ಲ. ಸಂದಿಯ ತಳದಲ್ಲಿ ಒಂದು ಸಣ್ಣ ಸ್ವಿಚ್ಚಿದೆ. ಬಾಗಿಲು ಅದನ್ನು ಒತ್ತಿದರೆ ಹೊರಗೆ ಹಸಿರು ದೀಪ, ಒತ್ತದಿದ್ದರೆ ಕೆಂಪು.

ಇವೆಲ್ಲವನ್ನೂ ನಡೆಸುವುದು ಆರ್ಡುಯಿನೊ ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ಹಲಗೆ. 2005ರಲ್ಲಿ ಇಟಲಿಯ ಇವ್ರೆಯಾ ಊರಿನಲ್ಲಿ ವಿದ್ಯಾರ್ಥಿಗಳ ಉಪಯೋಗಕ್ಕೆಂದು ಹುಟ್ಟಿದ್ದು. ನಾವು ಓದಿದ್ದು ವಾಣಿಜ್ಯ. ಬೆಸುಗೆ ಕಡ್ಡಿ ಹಿಡಿದವರಲ್ಲ. ಆದರೂ ಶಾಲೆಯ ಮಕ್ಕಳ ಪಾಠಗಳನ್ನು ನೋಡಿ ಕಲಿತೆವು. ಮಗಳು ನಮಗಿಂತ ಬೇಗ ಕಲಿತಳು. ಮೊದಲು ಬೆಳಕನ್ನು ಗ್ರಹಿಸುವ ಒಂದು ಬಿಲ್ಲೆಯನ್ನು ಮಾತ್ರ ನಂಬಿದೆವು: ಬೆಳಕು ಕಡಿಮೆಯಾದರೆ ಬಾಗಿಲು ಇಳಿಯಬೇಕು. ಜೂನ್ ತಿಂಗಳ ಒಂದು ಮಧ್ಯಾಹ್ನ ನಾಲ್ಕಕ್ಕೆ ಕಾರ್ಮೋಡ ಕವಿಯಿತು, ಬಾಗಿಲು ಇಳಿಯಿತು. ಮಿಂಚಿತು, ಏರಿತು. ಮತ್ತೆ ಇಳಿಯಿತು. ಬಾತುಗಳು ಮಳೆಯಲ್ಲಿ ಸಂತೋಷದಿಂದ ನಿಂತು ಈ ಆಟವನ್ನು ನೋಡುತ್ತಿದ್ದವು.

ಆಮೇಲೆ ಗಡಿಯಾರವಿಟ್ಟೆವು. ವಿದ್ಯುತ್ತು ಹೋದರೂ ಗುಂಡಿಯಂಥ ಸಣ್ಣ ಸೆಲ್ಲಿನಿಂದ ಅದು ಹೊತ್ತು ತಪ್ಪದೆ ನಡೆಯುತ್ತದೆ. ಮೋಟಾರಿಗೆ ಬೇರೆ ಬ್ಯಾಟರಿಯಿದೆ. ಆದರೆ ಒಂದೇ ವೇಳೆ ವರ್ಷವಿಡೀ ನಡೆಯದು. ಪುಣೆಯಲ್ಲಿ ನವೆಂಬರ್ ಕೊನೆಗೆ ಸೂರ್ಯ ಆರು ಗಂಟೆಗೆ ಮುಳುಗಿದರೆ ಜುಲೈ ಮೊದಲಿಗೆ ಏಳೂಕಾಲು. ದೇವರ ಮನೆಯ ಪಂಚಾಂಗ ತೆಗೆದು ಹನ್ನೆರಡು ತಿಂಗಳ ಸೂರ್ಯಾಸ್ತವನ್ನು ಯಂತ್ರಕ್ಕೆ ಬರೆದುಕೊಟ್ಟೆವು. ಈಗ ಕ್ರಮ ಹೀಗಿದೆ: ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಗೂಡಿನಲ್ಲಿ ದೀಪ ಹೊತ್ತಿ, ಕರೆ ಕೇಳಿಸಿ, ಊಟ ಬೀಳುತ್ತದೆ. ಸೂರ್ಯಾಸ್ತವಾಗಿ ಅರ್ಧ ಗಂಟೆಗೆ ಬಾಗಿಲು ಇಳಿಯುತ್ತದೆ. ಬೆಳಗ್ಗೆ ಎಂಟೂಕಾಲಕ್ಕೆ ಊಟ, ಎಂಟೂಮುಕ್ಕಾಲಿಗೆ ಬಾಗಿಲು. ಅಷ್ಟು ತಡವೇಕೆಂದರೆ ಬಾತುಗಳು ಬಹುಪಾಲು ಮೊಟ್ಟೆಗಳನ್ನು ಬೆಳಗಿನ ಒಂಬತ್ತರೊಳಗೇ ಇಡುತ್ತವೆ. ಬೇಗ ಬಿಟ್ಟರೆ ಮೊಟ್ಟೆಯನ್ನು ಹಿತ್ತಲ ಪೊದೆಗಳಲ್ಲಿ ಹುಡುಕಬೇಕಾಗುತ್ತದೆ.

ಕರೆ ಎಂದೆವಲ್ಲ, ಅದು ಅವ್ವನದು. ದೂರವಾಣಿಯಲ್ಲಿ ಅವಳಿಂದ ಹೇಳಿಸಿ ಮುದ್ರಿಸಿಕೊಂಡೆವು. “ಯಾವ ಬಾತಿಗೆ ಹೇಳ್ಲಿ, ಇಲ್ಲಿ ಒಂದೂ ಇಲ್ಲ” ಎಂದು ನಾಚಿಕೊಂಡು ಕಡೆಗೆ ಹೇಳಿದಳು. ಹದಿನೈದು ದಿನ ಸಂಜೆ ಬೇರೆಲ್ಲಿಯೂ ಕಾಳು ಹಾಕದೆ, ಧ್ವನಿ ಕೇಳಿದ ಮೇಲೆ ಗೂಡಿನಲ್ಲಿ ಮಾತ್ರ ಊಟವೆಂದು ರೂಢಿ ಮಾಡಿದೆವು. ಹಳೆಯ ಮೂರು ಮೊದಲ ದಿನವೇ ಬಂದವು. ಹೊಸ ಮೂರಕ್ಕೆ ಹತ್ತು ದಿನ ಬೇಕಾಯಿತು.

ಇಷ್ಟಕ್ಕೆ ನಮಗಾದ ಖರ್ಚು: ಹಲಗೆಗೆ 500, ಗಡಿಯಾರಕ್ಕೆ 200, ಎರಡು ಮೋಟಾರುಗಳಿಗೆ 900, ಅವನ್ನು ನಡೆಸುವ ಬಿಡಿಭಾಗಕ್ಕೆ 200, ಬ್ಯಾಟರಿಗೆ 900, ಡಬ್ಬ ಕೊಳವೆಗಳಿಗೆ 600, ಮರ ಜಾಲರಿಗಳಿಗೆ 2,700, ಒಟ್ಟು 6,000 ರೂಪಾಯಿ. ಮೊಟ್ಟೆ ಮಾರಿ ಇದನ್ನು ಗಳಿಸಿದೆವೆಂದು ಹೇಳುವುದಿಲ್ಲ. ಮೊಟ್ಟೆ ನೆರೆಹೊರೆಗೇ ಹೋಗುತ್ತದೆ.

ಯಂತ್ರ ಕೈಕೊಟ್ಟ ದಿನವನ್ನೂ ಹೇಳದಿದ್ದರೆ ಲೆಕ್ಕ ಅಪೂರ್ಣವಾದೀತು. 2024ರ ಜುಲೈಯಲ್ಲಿ ಅಪ್ಪನನ್ನು ನೋಡಲು ಎರಡು ದಿನ ಊರಿಗೆ ಹೋಗಿದ್ದೆವು. ಯಂತ್ರವಿದೆಯಲ್ಲ ಎಂಬ ಧೈರ್ಯ. ಹೊರಡುವಾಗ ಕಾಕೂಗೆ, “ರಾತ್ರಿ ಕೆಂಪು ದೀಪ ಕಂಡರೆ ಒಂದು ಫೋನು ಮಾಡಿ” ಎಂದು ಬಾಯಿಮಾತಿಗೆ ಹೇಳಿದ್ದೆವು. ಎರಡನೆಯ ರಾತ್ರಿ ಎಂಟಕ್ಕೆ ಫೋನು ಬಂದಿತು. ಬಾಗಿಲಿನ ಸಂದಿಯಲ್ಲಿ ಒದ್ದೆ ಹೊಟ್ಟು ತುಂಬಿ, ತಗಡು ಎರಡಂಗುಲ ಮೇಲೆಯೇ ನಿಂತಿತ್ತು. ಅರವತ್ತು ದಾಟಿದ ಆ ತಾಯಿ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಹೋಗಿ, ಕಡ್ಡಿಯಿಂದ ಹೊಟ್ಟು ಕೆದಕಿ, ಬಾಗಿಲನ್ನು ಕೈಯಿಂದ ಒತ್ತಿ, ಹಸಿರು ದೀಪ ಬಂದ ಮೇಲೆ ಜಾಲರಿಯಿಂದ ಬ್ಯಾಟರಿ ಬೆಳಕು ಬಿಟ್ಟು ಎಣಿಸಿದರು. “ಸಹಾ ಆತ” ಎಂದರು. ಆರೂ ಒಳಗಿವೆ ಎಂದರ್ಥ. ಊರಿನ ಪಡಸಾಲೆಯಲ್ಲಿ ಅವ್ವನ ಪಕ್ಕ ಕುಳಿತು ಆ ಎರಡು ಶಬ್ದ ಕೇಳಿದಾಗ ಆದ ಸಮಾಧಾನವನ್ನು ಯಾವ ಯಂತ್ರವೂ ಕೊಟ್ಟಿರಲಿಲ್ಲ.

ಬಂದ ಮೇಲೆ ಸಂದಿಯ ತಳವನ್ನು ತೆರೆದೆವು. ಈಗ ಹೊಟ್ಟು ನಿಲ್ಲದೆ ಕೆಳಗೆ ಬೀಳುತ್ತದೆ. ಆದರೆ ದೊಡ್ಡ ತಿದ್ದುಪಡಿ ಅದಲ್ಲ. ಬ್ಯಾಂಕಿನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪದೆ ಯಾವ ಹಣವೂ ಅಲುಗಾಡುವುದಿಲ್ಲ. ಬರೆದವನ ಮೇಲೆ ಅಪನಂಬಿಕೆಯಿಂದಲ್ಲ. ಯಾರಿಗೂ ತಪ್ಪು ಆಗಬಹುದೆಂಬ ತಿಳಿವಳಿಕೆಯಿಂದ. ದಿನವೂ ಇದನ್ನೇ ಮಾಡುವ ನಾವು ಹಿತ್ತಲಲ್ಲಿ ಮಾತ್ರ ಅದನ್ನು ಮರೆತಿದ್ದೆವು. ಬಾಗಿಲು ಇಳಿದಿದೆ ಎಂಬುದು ಯಂತ್ರಕ್ಕೆ ಗೊತ್ತು. ಒಳಗೆ ಆರಿವೆಯೋ ಐದಿವೆಯೋ ಎಂಬುದು ಅದಕ್ಕೆ ಗೊತ್ತಿಲ್ಲ. ಎಣಿಸಲು ಒಂದು ಜೊತೆ ಕಣ್ಣು ಬೇಕು. ಈಗ ನಾವು ಮನೆಯಲ್ಲಿರುವ ದಿನ ಮಗಳು ಎಣಿಸುತ್ತಾಳೆ. ಇಲ್ಲದ ದಿನ ಕಾಕೂ. ಅವರ ಮನೆಯ ಬೆಕ್ಕಿಗೂ ತುಳಸಿಗೂ ಅವರಿಲ್ಲದಾಗ ನಾವು.

ಇಂಥ ಸಾಹಸ ಮಾಡಬಯಸುವವರಿಗೆ ಇನ್ನೆರಡು ಮಾತು. ಮೊದಲು ನೆರೆಯವರನ್ನು ಕೇಳಿ; ಹೆಣ್ಣು ಬಾತಿನ ಕೂಗು ಜೋರು, ಗಂಡಿನದು ಬರಿಯ ಒಡಕು ಪಿಸುದನಿ. ಎರಡನೆಯದು, ಆಹಾರದ ತಟ್ಟೆ ಸದಾ ಮಾಡಿನ ಕೆಳಗಿರಲಿ. ಪಾರಿವಾಳ ಕಾಗೆಗಳು ಅದಕ್ಕೆ ಮುಟ್ಟಬಾರದು. ನಮ್ಮ ದೇಶದಲ್ಲಿ ಹಕ್ಕಿಜ್ವರ ಮೊದಲು ಕಂಡುಬಂದದ್ದು 2006ರಲ್ಲಿ, ಇದೇ ಮಹಾರಾಷ್ಟ್ರದ ನವಾಪುರದಲ್ಲಿ. ಬಾತುಗಳು ಕಾಯಿಲೆಯ ಕುರುಹು ತೋರದೆಯೂ ಆ ರೋಗಾಣುವನ್ನು ಹೊತ್ತಿರಬಲ್ಲವು. ಆದಕಾರಣ ಮೊಟ್ಟೆ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಮಕ್ಕಳನ್ನು ಊಟಕ್ಕೆ ಕೂರಿಸಬೇಡಿ.

ಈ ಸಲದ ರಾಜ್ಯೋತ್ಸವದ ಹಾಡಿನಲ್ಲಿ ನಮ್ಮ ಮಗಳೂ ಇದ್ದಾಳೆ. ಅಭ್ಯಾಸಕ್ಕೆ ತಪ್ಪದೆ ಬರುತ್ತಿದ್ದಾಳೆ. ಅವಳು ಕೇಳಿದ್ದ ಪ್ರಶ್ನೆಗೆ ಉತ್ತರ ಇಷ್ಟೇ: ಬಾಗಿಲನ್ನು ಯಂತ್ರ ಮುಚ್ಚುತ್ತದೆ, ಮುಚ್ಚಿತೆಂದು ನೋಡುವುದು ನೆರೆಯವರು. ನಾವು ಇಲ್ಲಿ ಬಂದು ಕೂರುವುದಕ್ಕೆ ಇಬ್ಬರೂ ಬೇಕು. ಈ ಭಾಷಣಕ್ಕೆ ಏಳುವ ಮೊದಲು ಕಾಕೂ ಅವರಿಂದ ಸಂದೇಶ ಬಂದಿದೆ. ಕನ್ನಡ ಕಲಿಯುತ್ತೇನೆಂದು ಹಟ ಹಿಡಿದಿರುವ ಅವರು ಇಂದು ಬರೆದಿರುವುದು ನಮ್ಮ ಮಾತಿನಲ್ಲಿಯೇ: “ಆರೂ ಒಳಗ.”